ನಾಲ್ಕು ಗಂಟೆಯ ಬದಲಿ

ಫ್ಯಾನಿನ ನೆರಳು ಮೇಜಿನ ಬಿಳಿ ಬಟ್ಟೆಯ ಮೇಲೆ ಸುತ್ತುತ್ತಿದೆ, ಸುತ್ತಿದ ಸಲವೆಲ್ಲ ಪ್ರಶ್ನೆಯ ಡಬ್ಬಿಯ ಸೀಳುಬಾಯಿ ಒಮ್ಮೆ ಕಪ್ಪಾಗಿ ಒಮ್ಮೆ ಬೆಳ್ಳಗಾಗುತ್ತದೆ, ಒಳಗೆ ಯಾರೋ ಕೂತು ಉಸಿರಾಡುತ್ತಿರುವ ಹಾಗೆ — ಅದೇನು, ಬೂಟಿನ ಡಬ್ಬಿ, ನಿನ್ನೆ ತಾನೇ ಕೂತು ಹಳದಿ ಕಾಗದ ಅಂಟಿಸಿ ಬ್ಲೇಡಿನಲ್ಲಿ ಸೀಳು ಕೊಯ್ದದ್ದು, ಚೀಟಿಗಳಲ್ಲದೆ ಒಳಗೆ ಇನ್ನೇನಿದ್ದೀತು, ಆದರೂ ಅವಳು ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡಳು. ವೇದಿಕೆಯ ಮೇಲೆ ಮೂವರು. ನಡುವೆ ಮೇಷ್ಟ್ರು, ನಿವೃತ್ತರಾದ ಮೇಲೂ ಬೆರಳಿಗೆ ಸೀಮೆಸುಣ್ಣ ಮೆತ್ತಿದಂತೆ ಕೈ ಒರೆಸಿಕೊಳ್ಳುತ್ತಲೇ ಇರುವವರು. ಎಡಕ್ಕೆ ಔಷಧಿ ಅಂಗಡಿಯಣ್ಣ. ಬಲಕ್ಕೆ ಅವಳು, ಪಾಳಿಪಟ್ಟಿಯವಳು, ಸಮ್ಮೇಳನದ ದಿನ ಯಾವ ಬಾಗಿಲಿಗೆ ಯಾರು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ, ಅವರಾದ ಮೇಲೆ ಯಾರು ಎಂದು ಗೆರೆ ಎಳೆದು ಬರೆಯುವವಳು. ಕೆಳಗೆ ನೂರಿಪ್ಪತ್ತು ಜನ, ಎಲ್ಲರೂ ಸ್ವಯಂಸೇವಕರು, ರೋಗಿಗಳ ಹಾಸಿಗೆಯ ಪಕ್ಕ ಪಾಳಿಯ ಮೇಲೆ ಕೂರುವವರು, ಮನೆಯವರು ಒಂದಿಷ್ಟು ಕಣ್ಣು ಮುಚ್ಚಲಿ ಅಂತ. ಬೇರೇನೂ ಬರಬೇಕಿಲ್ಲ ಇವರಿಗೆ, ಕೂರುವುದು ಬಂದರೆ ಸಾಕು, ಮತ್ತು ಒಂದೇ ಒಂದು ನಿಯಮ — ಬದಲಿ ಬಾರದೆ ಏಳಬಾರದು. ಬದಲಿಗೆ ಬಂದವರು ಭುಜ ಮುಟ್ಟಿ, ಬಂದೆ, ನೀವು ಹೊರಡಿ, ಅನ್ನಬೇಕು, ಕೂತವರು ತೋಳಿನ ಕಿತ್ತಳೆ ಪಟ್ಟಿ ಬಿಚ್ಚಿ ಅವರ ಕೈಗಿಡಬೇಕು, ಆಮೇಲೇ ಏಳಬೇಕು, ಹಾಸಿಗೆಯಾದರೂ ಅಷ್ಟೇ, ಬಾಗಿಲಾದರೂ ಅಷ್ಟೇ. ಮುಂದಿನ ತಿಂಗಳು ಸಮ್ಮೇಳನ, ಇದೇ ಸಭಾಂಗಣದಲ್ಲಿ, ಹೋದ ವರ್ಷದ್ದಾದ ಮೇಲೆ ಜನ ಗುಸುಗುಸು ಅನ್ನುತ್ತಿದ್ದಾರೆ, ಎಲ್ಲರ ಅನುಮಾನಕ್ಕೂ ಎದುರೆದುರೇ ಉತ್ತರ ಕೊಟ್ಟುಬಿಡೋಣ, ಒಂದು ಚೀಟಿಯನ್ನೂ ಬಿಡೋದು ಬೇಡ, ಅಂದವರು ಮೇಷ್ಟ್ರೇ, ಮಧ್ಯಾಹ್ನ ಎರಡರಿಂದ ನಾಲ್ಕು ಅಂತ ಹೊತ್ತು ಗೊತ್ತುಮಾಡಿದವರೂ ಅವರೇ, ಎರಡರಿಂದ ನಾಲ್ಕು, ಬೇರೆ ಹೊತ್ತೇ ಸಿಗಲಿಲ್ಲವೇ ಈ ಮನುಷ್ಯರಿಗೆ.

ಊಟ ಬಡಿಸೋರೇ ಹೋದ ಸಲ ಹಸಕೊಂಡು ಮನೆಗೆ ಹೋದ್ರು, ಈ ಸಲವೂ ಹಾಗೇನಾ, ಅಂತ ಮೇಷ್ಟ್ರು ಚೀಟಿ ಓದುತ್ತಾರೆ, ಎಲ್ಲಾರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರಪ್ಪ, ಆದ್ರೂ ಈ ಸಲ ಹೊರೋರಿಗೇ ಮೊದಲ ಪಂಕ್ತಿ, ಅನ್ನುತ್ತಾರೆ, ಜನ ನಗುತ್ತಾರೆ, ಅವಳೂ ನಗುತ್ತಾಳೆ, ಅರ್ಧ ಕ್ಷಣ ತಡವಾಗಿ. ಭಾಷಣ ಕಮ್ಮಿ ಮಾಡಿ ಅಂತ ಇನ್ನೊಂದು, ಮೂರು ಜನ ಬರೆದಿದ್ದಾರೆ, ನಿದ್ದೆ ಮಾತ್ರೆ ನಮ್ಮಂಗಡೀಲೇ ಸಿಗತ್ತೆ, ಅದಕ್ಕೋಸ್ಕರ ಸಮ್ಮೇಳನ ಮಾಡಬೇಕಾಗಿಲ್ಲ, ಒಪ್ಪಿದೆ, ಅಂತ ಅಂಗಡಿಯಣ್ಣ. ನಾವು ಗಮನಿಸಿದ್ದೇವೆ, ನಾವು ಸರಿಪಡಿಸುತ್ತೇವೆ, ನಾವು — ಮೂವರದ್ದೂ ಸೇರಿ ಒಂದೇ ನಾವು, ಒಂದು ದೊಡ್ಡ ಕಂಬಳಿಯ ಹಾಗೆ, ಕೆಳಗೆ ಯಾರ ಕಾಲು ಯಾವುದು ಅಂತ ಗೊತ್ತಾಗದ ಹಾಗೆ, ಬೆಚ್ಚಗಿದೆ ಅದು. ಕಣ್ಣು ಮಾತ್ರ ಹೇಳಿದ ಮಾತು ಕೇಳುವುದಿಲ್ಲ, ನೂರಿಪ್ಪತ್ತು ತಲೆಗಳ ಮೇಲಿಂದ ಹಾರಿ ಸೀದಾ ಹಿಂದಿನ ಬಾಗಿಲಿಗೆ ಹೋಗುತ್ತದೆ, ಮೆಟ್ಟಿಲಿಗೆ ಇಳಿಯುವ ಬಾಗಿಲು, ಹಸಿರು ಬಣ್ಣ, ಚಿಲಕ ಒಳಗಡೆಯೇ. ಪಕ್ಕದಲ್ಲಿ ಒಂದು ಕುರ್ಚಿ. ಇವತ್ತು ಬಾಗಿಲಿಗೆ ಯಾರನ್ನೂ ಹಾಕಿಲ್ಲವಲ್ಲ, ಸಣ್ಣ ಸಭೆ, ಪಾಳಿಯೇ ಇಲ್ಲ, ಕುರ್ಚಿ ಯಾರು ಇಟ್ಟರು.

ಹನ್ನೊಂದನೆಯ ಚೀಟಿ ಮೇಷ್ಟ್ರ ಕೈಯಲ್ಲಿ ತುಸು ಹೊತ್ತು ನಿಂತಿತು. ಹೋದ ವರ್ಷ ಹಿಂದಿನ ಬಾಗಿಲಿಗೆ ನಾಲ್ಕು ಗಂಟೆಗೆ ಯಾರು ಬರಬೇಕಾಗಿತ್ತು — ಇಷ್ಟೇ, ಹೆಸರಿಲ್ಲ, ಕೊನೆಯಲ್ಲಿ ಸಹಿ ಇರಬೇಕಾದಲ್ಲಿ ಒಂದು ಬಿಳೀ ಗುಂಡಿ, ನಾಲ್ಕು ತೂತಿನದ್ದು, ದಾರದಲ್ಲಿ ಕಾಗದಕ್ಕೇ ಹೊಲಿದದ್ದು. ಅಂಗಡಿಯಣ್ಣ ಕೈ ಚಾಚಿ ಚೀಟಿ ತೆಗೆದುಕೊಂಡು ಜೇಬಿಗಿಳಿಸಿ, ಇದಕ್ಕೆ ಕಡೇಲಿ ಬರೋಣ ಮೇಷ್ಟ್ರೇ, ಅಂದ, ಅಂದ ರೀತಿಯಲ್ಲಿ ಕಡೆ ಅನ್ನುವುದು ಬರುವುದೇ ಇಲ್ಲ ಅಂತ ಅವಳಿಗೆ ತಿಳಿಯಿತು, ಕೃತಜ್ಞತೆಯಂಥದ್ದು ಅನ್ನಿಸಿತು, ಮತ್ತು ಅವಳ ಎಡಗೈ ತಾನಾಗಿ ಎದ್ದು ಬಲತೋಳನ್ನು ಮುಟ್ಟಿ ನೋಡಿಕೊಂಡಿತು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ, ಇವಳದ್ದು ಹೆಗಲಲ್ಲ, ಪಟ್ಟಿ ಕಟ್ಟುವ ಜಾಗ. ಗುಂಡಿಯತ್ತೆ. ಎಲ್ಲರೂ ಹಾಗೇ ಕರೆಯುತ್ತಿದ್ದರು, ದರ್ಜಿ ಕೆಲಸ ಬಿಟ್ಟ ಮೇಲೆ ಪಾಳಿಗೆ ಸೇರಿದವರು, ಯಾವ ರೋಗಿಯ ಪಕ್ಕ ಕೂತರೂ ಮೊದಲು ಅವರ ಅಂಗಿಯ ಉದುರಿದ ಗುಂಡಿ ಹಚ್ಚುವರು, ಸಾಯೋ ಮನುಷ್ಯನಿಗೆ ಗುಂಡಿ ಯಾಕತ್ತೆ, ಅಂದರೆ, ಹೋಗೋ ಮನೇಲಿ ಮರ್ಯಾದೆ ಬೇಡ್ವೇನೇ, ಅನ್ನುವರು. ಹೋದ ವರ್ಷ ಅವರೇ ಬಂದು ಪಾಳಿಪಟ್ಟಿಯ ಮೇಲೆ ಬಗ್ಗಿ, ಕನ್ನಡಕ ಹಣೆಗೇರಿಸಿ, ಎರಡರಿಂದ ನಾಲ್ಕು ನಾನು, ಸರಿ, ನಾಲ್ಕಕ್ಕೆ ಈ ಮನೆ ಖಾಲಿ ಇದೆಯಲ್ಲೇ, ಅಂದರು, ನಾನೇ ಬರ್ತೀನಿ ಅತ್ತೆ, ಅಂದಳು ಅವಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಬ್ಯಾನರು ಕಟ್ಟುತ್ತ. ಬರೀಬೇಡ್ವಾ. ಬರೆಯೋದೇನು ಅತ್ತೆ, ನಾನು ಹೇಳಿದ್ದೀನಲ್ಲ. ಹೇಳಿದವಳು ನಾಲ್ಕಕ್ಕೆ ಎಲ್ಲಿದ್ದಳು — ಅಂಗಳದಲ್ಲಿ, ಗುಂಪು ಫೋಟೋ, ಎತ್ತರದವರು ಹಿಂದೆ ಹೋಗಿ, ನಗಿ ನಗಿ, ಆಮೇಲೆ ಅತಿಥಿಗಳ ಕಾರು, ಆಮೇಲೆ ಹೂವಿನ ಕುಂಡಗಳು, ಆಮೇಲೆ ಮುಂದಿನ ಬಾಗಿಲಿಗೆ ಬೀಗ, ಬೀಗ ಹಾಕಿದವಳೂ ಅವಳೇ, ಎಲ್ಲಾ ಹೋದ್ರಾ, ಅಂತ ಒಂದು ಸಲ ಕೂಗಿದಳು, ಹೋದವರು ಉತ್ತರ ಕೊಡುವುದಿಲ್ಲ, ಉತ್ತರ ಬರಲಿಲ್ಲ, ಸರಿ.

ಅಜ್ಜಿಯ ಕಥೆಯೊಂದಿತ್ತು, ಜಡೆ ಹೆಣೆಯುವಾಗ ಹೇಳುತ್ತಿದ್ದದ್ದು, ಭಯವಾಗುವ ಜಾಗಕ್ಕೆ ಬಂದಾಗ ಜಡೆ ಬಿಗಿಯಾಗುತ್ತಿತ್ತು. ಒಬ್ಬಳು ಅತ್ತಿಗೆ ಒಬ್ಬಳು ನಾದಿನಿ, ನೀರಿಗೆ ಹೋದರು, ಹಗ್ಗ ಹಿಡ್ಕೊಂಡಿರು ಈಗ ಬಂದೆ, ಅಂತ ನಾದಿನಿಯ ಕೈಗೆ ಹಗ್ಗ ಕೊಟ್ಟು ಅತ್ತಿಗೆ ಹೋದಳು, ಹೋದವಳು ಯಾರ ಹತ್ತಿರವೋ ಮಾತಿಗೆ ನಿಂತಳು, ಮಾತು ಮುಗಿಯುವಷ್ಟರಲ್ಲಿ ಏಳು ಮಳೆಗಾಲ ಕಳೆಯಿತು, ಹುಡುಗಿ ಬಿಡಲಿಲ್ಲ, ಹಗ್ಗ ಅಂಗೈಯೊಳಗೆ ಬೇರು ಬಿಟ್ಟಿತು, ಬಳ್ಳಿಯಾಯಿತು, ಹೂ ಬಿಟ್ಟಿತು, ಈಗಲೂ ಆ ದಾರಿಯಲ್ಲಿ ಹೋದವರನ್ನು ಬಳ್ಳಿ ಕೇಳುತ್ತದಂತೆ, ಬಂದೆಯಾ, ಬಂದೆಯಾ. ಬಂದೆ ಅನ್ನಬಾರದು ಕೂಸೇ, ಅಂದರೆ ಹಗ್ಗ ನಿನ್ನ ಕೈಗೆ ಬಂತು. ಹಾಗಾದ್ರೆ ಅವಳನ್ನ ಬಿಡಿಸೋರು ಯಾರಜ್ಜಿ, ಅಂತ ಕೇಳಿದರೆ ಅಜ್ಜಿ ಜಡೆಗೆ ರಿಬ್ಬನ್ ಸುತ್ತಿ, ಆಯ್ತು ಏಳು, ಅನ್ನುತ್ತಿದ್ದಳು. ಸಮ್ಮೇಳನದ ಮರುದಿನ ಬೆಳಿಗ್ಗೆ ಬ್ಯಾನರು ಬಿಚ್ಚಲು ಬಂದವಳಿಗೆ ಸಭಾಂಗಣದಲ್ಲಿ ನಿನ್ನೆಯ ಹೂವಿನ ವಾಸನೆ, ಹಿಂದಿನ ಕಿಟಕಿಯಿಂದ ಓರೆ ಬಿಸಿಲು, ಬಿಸಿಲಲ್ಲಿ ಅತ್ತೆ, ನೆಟ್ಟಗೆ ಕೂತಿದ್ದಾರೆ, ಬೂದು ಸ್ವೆಟರಿನ ಗುಂಡಿ ಕತ್ತಿನ ತನಕ ಹಾಕಿಕೊಂಡು, ಕಣ್ಣು ತೆರೆದೇ ಇದೆ, ಮತ್ತು ಬಲಗೈ ತೊಡೆಯ ಮೇಲಿಂದ ಒಂದಿಷ್ಟು ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಅದರಲ್ಲಿ ಬಿಚ್ಚಿ ನಾಲ್ಕು ಮಡಿಕೆ ಮಾಡಿಟ್ಟ ಕಿತ್ತಳೆ ಪಟ್ಟಿ. ಹೃದಯ, ಅಂದರು ಡಾಕ್ಟರು, ಹಿಂದಿನ ದಿನ ಸಂಜೆಯೇ ಜೀವ ಹೋಗಿದೆ, ಆರು ಏಳರ ಹೊತ್ತಿಗೆ. ನಾಲ್ಕರಿಂದ ಆರು, ಎರಡು ತಾಸು, ಚಿಲಕ ಒಳಗಡೆ, ಕೈ ಎತ್ತಿದರೆ ಸಿಗುವಷ್ಟು ಹತ್ತಿರ. ಯಾರು ಹಿಡಿದಿಟ್ಟಿದ್ರು ಅವರನ್ನ, ಎದ್ದು ಹೋಗಬಹುದಿತ್ತಲ್ಲ, ಅಂದ ಅಂಗಡಿಯಣ್ಣ. ಅವನು ಹೊರಗೆ ಹೋದ ಮೇಲೆ ಅವಳು ಪಾಳಿಪಟ್ಟಿಯ ಖಾಲಿ ಮನೆಯಲ್ಲಿ ನೀಲಿ ಪೆನ್ನಿನಿಂದ ಬರೆದಳು, ನಾಲ್ಕರಿಂದ ಆರು, ಗುಂಡಿಯತ್ತೆ. ಅವರೇ ಎರಡು ಪಾಳಿ ಕೇಳಿ ಹಾಕಿಸಿಕೊಂಡರು ಅಂತಾಯಿತು. ಒಪ್ಪವಾಗಿ ಬರೆದಿದ್ದಳು, ಕೈ ನಡುಗದೆ, ಅದೇ ಈಗಲೂ ಅವಳಿಗೆ ಅರ್ಥವಾಗದ್ದು.

ಹದಿನಾಲ್ಕನೆಯದೂ ಅದೇ. ಮೇಷ್ಟ್ರು ಡಬ್ಬಿಗೆ ಕೈ ಹಾಕಿ ತೆಗೆದು ಗಟ್ಟಿಯಾಗಿ ಓದಿದರು, ನಾಲ್ಕು ಗಂಟೆಗೆ ಯಾರು ಬರಬೇಕಾಗಿತ್ತು, ಅದೇ ಅಕ್ಷರ, ಅದೇ ಗುಂಡಿ, ಅಂಗಡಿಯಣ್ಣ ಜೇಬು ಮುಟ್ಟಿ ನೋಡಿಕೊಂಡ, ಇನ್ನೊಂದು ಸಲ ಒಳಗೆ ಬೆರಳಾಡಿಸಿದ, ಜೇಬು ಖಾಲಿ. ಡಬ್ಬಿಯ ಸೀಳು ಕಪ್ಪು, ಬಿಳಿ, ಕಪ್ಪು. ಮುಂದಿನ ಸಾಲಿನಿಂದ ನರ್ಸಮ್ಮ ಎದ್ದಳು, ಆಸ್ಪತ್ರೆಯ ದೊಡ್ಡ ನರ್ಸು, ಯಾರಿಗೂ ಹೆದರಿದವಳಲ್ಲ, ಮೇಷ್ಟ್ರೇ, ಆ ಚೀಟಿ ನಾನು ಬರೆದದ್ದಲ್ಲ, ಆದ್ರೆ ಪ್ರಶ್ನೆ ನನ್ನದೂ ಹೌದು, ಈ ಸಲ ಬಾಗಿಲಿಗೆ ನಮ್ಮಮ್ಮನ ಹೆಸರು ಹಾಕಿದ್ದೀರಿ, ಎಪ್ಪತ್ತು ವರ್ಷ ಅವಳಿಗೆ, ಕೂರು ಅಂದ್ರೆ ಕೂರ್ತಾಳೆ, ಬದಲಿ ಬರ್ತಾರಾ ಅಂತ ನನಗೆ ಗೊತ್ತಾಗಬೇಕು, ಹೋದ ವರ್ಷದ ಪಟ್ಟಿ ತೆಗೆದು ಓದಿ. ಓದಿ, ಅಂದರು ಹಿಂದಿನವರೂ, ಜೋರಾಗಿಯೇನಲ್ಲ, ರೋಗಿ ಮಲಗಿದ್ದಾನೆ ಅನ್ನುವಾಗಿನ ದನಿಯಲ್ಲಿ, ಅದು ಜೋರಿಗಿಂತ ಕಷ್ಟ. ಅತ್ತೆ ಹೆಸರೇ ಇದೆಯಲ್ಲ, ಅದನ್ನೇ ಓದಿಬಿಡು, ಅಂತ ಅಂಗಡಿಯಣ್ಣ ಮೇಷ್ಟ್ರ ಬೆನ್ನ ಹಿಂದಿನಿಂದ ಪಿಸುಗುಟ್ಟಿದ. ಹೌದು, ಇದೆ, ಓದಿದರಾಯಿತು, ಓದುವುದು ಸುಳ್ಳಲ್ಲ, ಬರೆದದ್ದನ್ನು ಓದುವುದು, ಅವಳು ಫೈಲು ಬಿಚ್ಚಿದಳು, ಮುಂದಿನ ಬಾಗಿಲು, ಅಡುಗೆ ಕೋಣೆ, ಚಪ್ಪಲಿ ಜಾಗ, ಹಿಂದಿನ ಬಾಗಿಲು, ಎರಡರಿಂದ ನಾಲ್ಕು ಗುಂಡಿಯತ್ತೆ, ನಾಲ್ಕರಿಂದ ಆರು —

ಖಾಲಿ. ನೀಲಿ ಇಲ್ಲ, ಅಳಿಸಿದ ಗುರುತಿಲ್ಲ, ಮನೆ ಬೆಳ್ಳಗೆ ಖಾಲಿ, ನಡುವೆ ಸೂಜಿಮೊನೆಯ ನಾಲ್ಕು ತೂತು, ಚೌಕವಾಗಿ, ಯಾರೋ ಗುಂಡಿ ಹಚ್ಚಿ ಮತ್ತೆ ದಾರ ಕತ್ತರಿಸಿ ತೆಗೆದ ಹಾಗೆ. ಹಾಳೆ ಎತ್ತಿದಳು, ನಾಲ್ಕು ತೂತಿನಿಂದ ನಾಲ್ಕು ಚುಕ್ಕಿ ಬೆಳಕು ಅವಳ ಅಂಗೈ ಮೇಲೆ ಬಿತ್ತು. ಫ್ಯಾನು ಸುತ್ತುತ್ತಿದೆ, ಮೇಷ್ಟ್ರು ಏನಮ್ಮಾ ಅನ್ನುತ್ತಿದ್ದಾರೆ, ಹೇಳಬಹುದು ಈಗಲೂ, ನೆನಪಿನಿಂದ ಹೇಳಬಹುದು, ಅತ್ತೆಯೇ ಕೇಳಿ ಹಾಕಿಸಿಕೊಂಡರು ಅಂತ, ನೂರಿಪ್ಪತ್ತು ಜನ ನಿಟ್ಟುಸಿರು ಬಿಟ್ಟು ಪಾಪ ಅನ್ನುತ್ತಾರೆ, ನರ್ಸಮ್ಮ ಕೂರುತ್ತಾಳೆ, ಮುಂದಿನ ತಿಂಗಳು ನರ್ಸಮ್ಮನ ತಾಯಿ ಬಂದು ಆ ಕುರ್ಚಿಯಲ್ಲಿ ಕೂರುತ್ತಾರೆ, ಕೂರು ಅಂದರೆ ಕೂರುವವರು. ನುಂಗಿದರೆ ಮುಳ್ಳು, ಉಗುಳಿದರೂ ಮುಳ್ಳು. ನಾವು, ಅಂತ ಶುರುಮಾಡಿದಳು, ಕಂಬಳಿ ತಣ್ಣಗಿತ್ತು, ಕೆಳಗೆ ಬೇರೆ ಯಾರ ಕಾಲೂ ಇರಲಿಲ್ಲ. ನಾವಲ್ಲ, ನಾನು, ಅಂದಳು, ನಾಲ್ಕಕ್ಕೆ ಹೋಗಬೇಕಾಗಿದ್ದೋಳು ನಾನು, ಬರ್ತೀನಿ ಅಂದಿದ್ದೆ, ಮರೆತೆ, ಫೋಟೋಗೆ ನಿಂತಿದ್ದೆ, ಆಮೇಲೆ ಅವರ ಹೆಸರೇ ಬರೆದೆ, ಇವರಿಬ್ಬರಿಗೂ ಗೊತ್ತಿರಲಿಲ್ಲ. ದನಿ ತನ್ನದೇ ಅನ್ನಿಸಲಿಲ್ಲ, ಡಬ್ಬಿಯೊಳಗಿಂದ ಬಂದ ಹಾಗಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ನರ್ಸಮ್ಮ, ಕಾಯ್ತಾ ಇದ್ರಲ್ಲೇ, ಅಂದಳು, ಅಷ್ಟೇ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು, ಹಸಿರು ಬಾಗಿಲ ಕಡೆ, ಕರೆದವರ ಕಡೆ ತಿರುಗುವ ಹಾಗೆ.

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಎರಡು ನಿಮಿಷ. ಅವಳು ಇಳಿಯುತ್ತಿದ್ದಾಳೆ, ವೇದಿಕೆಯ ಮೂರು ಮೆಟ್ಟಿಲು, ನಡುವಿನ ದಾರಿ, ಎರಡೂ ಕಡೆ ಮೊಣಕಾಲುಗಳು ಸರಿದು ದಾರಿ ಬಿಡುತ್ತವೆ, ಎಲ್ಲಿಗಮ್ಮಾ, ಅಂತ ಮೇಷ್ಟ್ರು, ಕೂತ್ಕೋ ಸಾಕು, ಅಂತ ಅಂಗಡಿಯಣ್ಣ, ಬಿಗಿಯಾಗುತ್ತಿದೆ ಜಡೆ, ಅಜ್ಜಿಯ ಬೆರಳು ಕೂದಲೊಳಗೆ, ಬಂದೆ ಅನ್ನಬಾರದು ಕೂಸೇ, ಹಾಗಾದ್ರೆ ಬಿಡಿಸೋರು ಯಾರಜ್ಜಿ. ಕುರ್ಚಿ ಖಾಲಿ, ಹತ್ತಿರ ಹೋದ ಹಾಗೆ ಇನ್ನೂ ಖಾಲಿ, ಆದರೆ ಕೂರುವ ಹಲಗೆ ಬಿಸಿಯಿದೆ, ಆಗಷ್ಟೇ ಯಾರೋ ಎದ್ದ ಹಾಗಲ್ಲ, ಇನ್ನೂ ಎದ್ದಿಲ್ಲದ ಹಾಗೆ. ಭುಜ ಇರಬೇಕಾದ ಎತ್ತರದಲ್ಲಿ ಅವಳು ಗಾಳಿಯನ್ನು ಮುಟ್ಟಿದಳು, ಉಣ್ಣೆ ತಾಗಿತು. ಬಂದೆ ಅತ್ತೆ, ನೀವು ಹೊರಡಿ. ಚಿಲಕ ಸರಿಯಿತು, ಬಾಗಿಲು ಒಂದು ಗೇಣು ತೆರೆಯಿತು, ಮೆಟ್ಟಿಲ ಮೇಲೆ ನಿಧಾನವಾಗಿ ಇಳಿಯುವ ಚಪ್ಪಲಿ, ಒಂದು, ಒಂದು, ಮಂಡಿ ನೋವಿನವರು ಇಳಿಯುವ ಹಾಗೆ, ಕೆಳಗಿನ ಬೀದಿಯಲ್ಲಿ ಸೈಕಲ್ ಗಂಟೆ, ಆಮೇಲೆ ಅದೂ ಇಲ್ಲ. ಅವಳು ಕೂತಳು. ಹೋಗಲಿ, ಅಂತೂ ಹೋದರು, ಎದೆ ಹತ್ತಿಯಾಯಿತು, ಎಂಥ ಹಗುರ, ಸಭೆ ಮುಗಿದಿದೆ, ಜನ ಮುಂದಿನ ಬಾಗಿಲಿನಿಂದ ಹೋಗುತ್ತಿದ್ದಾರೆ, ಬೆನ್ನುಗಳು, ಚೀಲಗಳು, ಎಲ್ಲಾ ಹೋದ್ರಾ, ಅಂತ ಯಾರೋ ಕೂಗುತ್ತಿದ್ದಾರೆ, ಇಲ್ಲ ಅನ್ನಬೇಕು, ಅಂದಳೋ, ಅನ್ನಲಿಲ್ಲವೋ, ಬೀಗದ ಸದ್ದು, ಪರವಾಗಿಲ್ಲ, ಚಿಲಕ ಒಳಗಡೆಯೇ ಇದೆಯಲ್ಲ, ಕೈ ಎತ್ತಿದರೆ ಸಿಗುತ್ತದೆ, ಎದ್ದು ಹೋಗಬಹುದು, ಹೋಗುತ್ತಾಳೆ, ಈಗ, ನಾಲ್ಕರಿಂದ ಆರು ಅವಳದ್ದು, ಆರಕ್ಕೆ ಯಾರು, ಪಟ್ಟಿಯಲ್ಲಿ ಆರರ ಮನೆಯೇ ಇಲ್ಲವಲ್ಲ, ಆರಕ್ಕೆ ಯಾರು ಅಂತ ಅವಳು ಬರೆದೇ ಇಲ್ಲ, ಕೈ ಎತ್ತಬೇಕು, ಎತ್ತಲೆಂದು ನೋಡಿಕೊಂಡರೆ ಅದು ಆಗಲೇ ತೊಡೆಯ ಮೇಲಿಂದ ಒಂದಿಷ್ಟು ಮುಂದೆ ಚಾಚಿದೆ, ಅಂಗೈ ಮೇಲಾಗಿದೆ, ಅದರಲ್ಲಿ ಕಿತ್ತಳೆ ಪಟ್ಟಿ, ನಾಲ್ಕು ಮಡಿಕೆ, ಕಿತ್ತಳೆ ಪಟ್ಟಿ