ಆರನೆಯ ಜೆಟ್ಟು

ಆವತ್ತು ಬೆಳಿಗ್ಗೆ ಹಾರನಹಳ್ಳಿಯ ಮೇಲೆ ಮಂಜು ಇಳಿದು, ಎದ್ದು ಹೋಗಲು ಮನಸ್ಸಿಲ್ಲದ ನೆಂಟನ ಹಾಗೆ ಕೂತುಬಿಟ್ಟಿತ್ತು. ಮಂಜು ಬಿದ್ದ ದಿನ ಹೊಗೆಸೊಪ್ಪಿಗೆ ಹದ ಬರುತ್ತದೆ. ಮುಟ್ಟಿದರೆ ಪುಡಿಯಾಗುವ ಎಲೆ ಹಳೇ ಸೀರೆಯಷ್ಟು ಮೆತ್ತಗಾಗಿ ಬೆರಳಿನ ಮಾತು ಕೇಳುತ್ತದೆ. ಅದಕ್ಕೇ ಅಂಥ ದಿನ ಕೇರಿಯ ಹೆಂಗಸರು ಹೊತ್ತು ಮೂಡುವ ಮೊದಲೇ ನಂಜುಂಡಸ್ವಾಮಿಯ ಶೆಡ್ಡಿನಲ್ಲಿ ಕೂತು ಎಲೆ ವಿಂಗಡಿಸಲು ಶುರುಮಾಡಬೇಕು. ಮಾಯಮ್ಮ ಎಂಟು ತಿಂಗಳ ಮೊಮ್ಮಗಳು ಸ್ಪಂದನಾಳನ್ನು ಜೋಲಿಗೆ ಹಾಕಿ ಮೊದಲ ಕಂತೆ ಬಿಚ್ಚುವಷ್ಟರಲ್ಲಿ ಬಾಗಿಲಲ್ಲಿ ಬೈಗುಳ ಕೇಳಿಸಿತು.

“ಐದೇ ಅವೆ! ಆರ್ನೇದು ಎಲ್ರೇ? ಯಾವ ಬೋಳಿಮಗ್ಳು ಕಿತ್ಕೊಂಡೋದೋಳು?”

ನಂಜುಂಡಸ್ವಾಮಿ ಕತ್ತೆತ್ತಿ ಸೀಲಿಂಗ್ ನೋಡುತ್ತಿದ್ದ. ತಗಡಿನ ಸೂರಿನ ಕೆಳಗೆ ಹೊಸದಾಗಿ ಹೊಡೆಸಿದ ಬಿಳೀ ಹಲಗೆ. ಅದರಲ್ಲಿ ತಲೆಕೆಳಗಾಗಿ ನೇತ ಐದು ಹಿತ್ತಾಳೆ ಮೂತಿಗಳು, ಒಂದೊಂದರ ಬಾಯಲ್ಲೂ ಕೆಂಪು ಗಾಜಿನ ಕಡ್ಡಿ. ಆರನೆಯದರ ಜಾಗದಲ್ಲಿ ಕಾಸಗಲದ ಬೂದು ಕಲೆ.

“ಹನ್ನೊಂದು ಗಂಟೆಗೆ ಸಾಹೇಬ್ರು ಬತ್ತಾವ್ರೆ. ಗುಜರಿಗೆ ಆಕಿದ್ರೆ ಏನ್ ಸಿಕ್ತದ್ರೇ, ಒಂದ್ ಕಟ್ಟು ಬೀಡಿ? ಮುಂಡೇವಾ, ಅವರು ಓಗೋದ್ರೊಳ್ಗೆ ಅದು ನನ್ ಕೈಗೆ ಬರ್ಬೇಕು. ಇಲ್ದಿದ್ರೆ ನಾಳಿಂದ ಒಬ್ಳೂ ಈ ಕಡೆ ತಲೆ ಆಕಂಗಿಲ್ಲ.”

ಹೆಂಗಸರು ಮುಖ ಮುಖ ನೋಡಿಕೊಂಡರು. ಮಾಯಮ್ಮ ನೋಡಲಿಲ್ಲ. ಅವಳ ಸೊಂಟದ ಎಲೆಅಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕ, ಆರನೆಯದು ಮೂರು ದಿನದಿಂದ ತಣ್ಣಗೆ ಮಲಗಿತ್ತು.

ಶುಂಠಿ ಹೊಲದಲ್ಲಿ ನೀರು ಚಿಮ್ಮುವುದಕ್ಕೆ ಜೆಟ್ಟು ಅನ್ನುವುದು ರೂಢಿ. ಇದಕ್ಕೂ ಹೆಂಗಸರು ಅದೇ ಹೆಸರಿಟ್ಟಿದ್ದರು. ಮೊದಲು ಪಕ್ಕದ ಗೋಡೌನಿಗೆ ಪೈಪು ಎಳೆದಾಗ, ಮಂಜಿಲ್ಲದ ದಿನ ಸೊಪ್ಪಿಗೆ ಹದ ಕೊಡಲು ತಂದಿದ್ದಾರೆಂದೇ ಎಲ್ಲರೂ ತಿಳಿದರು. ಪೈಪು ಹಾಕುವ ಚೇತನ್‌ಕುಮಾರ್ ಅದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕ. “ಇದು ಬೆಂಕಿಗೆ ಕಣ್ರವ್ವಾ” ಎಂದು ಒಂದು ಜೆಟ್ಟಿನ ಕೆಳಗೆ ಬಕೆಟ್ ಇಟ್ಟು, ಕೆಂಪು ಗಾಜಿಗೆ ಲೈಟರ್ ಹಿಡಿದ. ಗಾಜು ಚಟ್ಟೆಂದಿತು. ಮರುಕ್ಷಣ ಮುಂಗಾರಿನ ಮೊದಲ ಮಳೆ ಬಂದ ಹಾಗೆ ನೀರು ಸುರಿದು, ಬಕೆಟ್ಟು ತುಂಬಿ, ಹೆಂಗಸರೆಲ್ಲ ನೆನೆದು ಕೂಗಾಡಿದರು. ಸೊಪ್ಪು ಇಡುವ ಕಟ್ಟಡದಲ್ಲೂ, ಅಲ್ಲಿ ಜನ ಕೂತು ದುಡಿಯುವ ಜಾಗದಲ್ಲೂ ಇದು ಇರಲೇಬೇಕು, ಇಲ್ಲದಿದ್ದರೆ ಲೈಸೆನ್ಸ್ ಇಲ್ಲ ಅಂತ ಹೊಸ ನಿಯಮ ಬಂದಿತ್ತಂತೆ.

ಮಾಯಮ್ಮನ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡದ್ದು ಆವತ್ತೇ. ಹೊಗೆಸೊಪ್ಪಿನ ಬೇಲು ಎಂಬ ಮೂಟೆಯ ಮೇಲೂ ಮನುಷ್ಯರಿಗೆ ಹೊಟ್ಟೆಕಿಚ್ಚು ಬರುತ್ತದೆಯೇ ಎಂದು ಯಾರಾದರೂ ಕೇಳಿದ್ದರೆ, ಬರುತ್ತದೆ ಎನ್ನುತ್ತಿದ್ದಳು. ಬೇಲ್‌ಗೆ ಕೆಳಗೆ ಹಲಗೆ, ಮೈಗೆ ಗೋಣಿ, ಇಲಿ ಬಾರದ ಹಾಗೆ ಜಾಲರಿ. ಈಗ ತಲೆಯ ಮೇಲೆ ನೀರು. ಸೊಪ್ಪಿಗೆ ಇಷ್ಟು ಆರೈಕೆ ಮಾಡುವ ಕೈಗಳು ಕೂರುವ ಶೆಡ್ಡಿಗೆ ಮಾತ್ರ ಹೊರಗಿನಿಂದ ಬೀಗ. ಎಲೆ ಕದ್ದಾರು ಎಂಬ ಭಯ. ಹೋದ ವರ್ಷ ಸೊಪ್ಪು ಬೇಯಿಸುವ ಪಕ್ಕದ ಬ್ಯಾರನ್ನಿನಿಂದ ಬೆಂಕಿ ನೆಗೆದು ಬಂದಾಗ, ಬೀಗದ ಕೈ ಸಿಗುವವರೆಗೂ ಮಾಯಮ್ಮನ ಅಕ್ಕ ಮರಮ್ಮ ಕಾದ ತಗಡಿನ ಬಾಗಿಲನ್ನು ಎರಡು ಅಂಗೈಯಲ್ಲಿ ಬಡಿಯುತ್ತಲೇ ಇದ್ದಳು. ಎಲ್ಲರೂ ಬದುಕಿದರು. ಮರಮ್ಮನ ಬೆರಳುಗಳು ಮಾತ್ರ ಒಂದಕ್ಕೊಂದು ಕೂಡಿಕೊಂಡವು. ಈಗ ಅವಳಿಗೆ ತುತ್ತು ಮಾಡಿ ಬಾಯಿಗಿಡಬೇಕು.

ಹಾಗಾಗಿ ಮಾಯಮ್ಮ ಒಂದು ದಿನ ಯಾರಿಗೂ ಹೇಳದೆ ಮೊಮ್ಮಗಳ ಜೋಲಿಯನ್ನು ಗೋಡೌನಿನ ಪೈಪಿಗೆ, ಸರಿಯಾಗಿ ಜೆಟ್ಟಿನ ಕೆಳಗೆ ಕಟ್ಟಿಬಿಟ್ಟಳು. ಮಗು ಅಲ್ಲಿ ಮಲಗಿದ ಒಂದು ಗಳಿಗೆ ಅವಳ ಮನಸ್ಸು ಗುಡಿಯೊಳಗೆ ಹೋದ ಹಾಗೆ ತಣ್ಣಗಾಗಿತ್ತು.

“ತೆಗಿಯೇ ಅದ್ನ! ಲಕ್ಷಾಂತರದ ಪೈಪ್‌ಗೆ ನಿನ್ ಉಚ್ಚೆ ಸೀರೆ ಕಟ್ಟಿದ್ದೀಯಾ?” ನಂಜುಂಡಸ್ವಾಮಿ ತಾನು ಜೋಲಿ ಮುಟ್ಟದೆ, ಕೋಲಿನಿಂದ ಗಂಟಿಗೆ ತಿವಿಯುತ್ತ ಕೂಗಿದ್ದ. ಕೇರಿಯವರು ಮುಟ್ಟಿದ್ದನ್ನು ಅವನು ನೇರವಾಗಿ ಮುಟ್ಟಿದವನಲ್ಲ. ಕಂತೆಯಾಗಲಿ, ಬೀಗದ ಕೈಯಾಗಲಿ, ನೆಲಕ್ಕಿಡಬೇಕು, ಅವನು ಎತ್ತಿಕೊಳ್ಳಬೇಕು.

ಅವನಿಗೆ ಸುದ್ದಿ ಮುಟ್ಟಿಸಿದವಳು ಸುಕನ್ಯ. ಅದೇ ಕೇರಿಯವಳು, ಮಾಯಮ್ಮನಿಗಿಂತ ಹದಿನೈದು ವರ್ಷ ಚಿಕ್ಕವಳು, ಗೋಡೌನಿನ ಒಳಗೆ ಬೇಲು ಹೊಲಿಯುವ ಕೆಲಸ. ಜೆಟ್ಟುಗಳ ಕೆಳಗೇ ಅವಳ ಮಣೆ. ಮಧ್ಯಾಹ್ನ ಊಟಕ್ಕೆ ಕೂತಾಗ ಕಾಲು ಚಾಚಿಕೊಂಡು ಹೇಳುವಳು:

“ನಮ್ ತಲೆ ಮ್ಯಾಲೆ ನೀರದೆ ಕಣಕ್ಕ. ನಿದ್ದೆ ಬಂದ್ರೂ ಭಯ ಇಲ್ಲ.”

“ನಿನ್ ತಲೆಗೆ ಅಲ್ಲ ಕಣೇ ಲೌಡಿ, ಪಕ್ಕದ ಬೇಲ್‌ಗೆ.”

“ಯಾರಿಗಾರ ಆಗ್ಲಿ. ನೆನೆಯೋಳು ನಾನೇ ತಾನೆ?” ಎಂದು ಸುಕನ್ಯ ನಗುವಳು.

ಆ ನಗು ಮಾಯಮ್ಮನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು. ಮಸಣಿಕಮ್ಮನ ಮುಂದೆ ಕರ್ಪೂರ ಹಚ್ಚಿ ಅವಳು ಬೇಡಿಕೊಂಡಿದ್ದು ಇಷ್ಟೇ: ತಾಯೀ, ನಮ್ ಶೆಡ್ಗೂ ಒಂದ್ ಜೆಟ್ಟು ಕೊಡು. ಅವಳಿಗೆ ಕೊಟ್ಟಿದ್ನ ನಂಗೂ ಕೊಡು.

ತಾಯಿ ಕೊಟ್ಟಳು. ಹದಿನೈದು ದಿನದ ಹಿಂದೆ ಶೆಡ್ಡಿಗೆ ಸೀಲಿಂಗ್ ಬಂತು, ಅದರಲ್ಲಿ ಆರು ಜೆಟ್ಟು ಬಂದವು. ಪೈಪು ಹಲಗೆಯ ಮೇಲೆ ಹೋಗಿದೆ ಎಂದರು. ಮಾಯಮ್ಮ ಕಾಯಿ ಒಡೆಸಿ ಎಲ್ಲರಿಗೂ ಚೂರು ಹಂಚಿದಳು. ಸುಕನ್ಯಳಿಗೆ ಕೊನೆಗೆ, ಬೇಕೆಂದೇ ದೊಡ್ಡ ಹೋಳು. “ತಗಳವ್ವ. ನಿಮ್ದು ನಾಕು, ನಮ್ದು ಆರು.” ಆಮೇಲೆ ಎರಡು ಕಂಬಗಳ ನಡುವೆ ಹಗ್ಗ ಬಿಗಿದು, ಮಧ್ಯದ ಜೆಟ್ಟಿನ ಕೆಳಗೆ ಜೋಲಿ ಕಟ್ಟಿದಳು.

ಮೂರು ದಿನದ ಹಿಂದೆ ಆ ಜೆಟ್ಟು ತಾನೇ ಕಳಚಿಕೊಂಡು ಮಗುವಿನ ಕಾಲ ಬಳಿ ಬಿತ್ತು. ನೀರಿನ ಒಂದು ಹನಿಯೂ ಬರಲಿಲ್ಲ. ತಿರುಗಿಸಿ ನೋಡಿದರೆ ಹಿಂಭಾಗದಲ್ಲಿ ಒಣಗಿದ ಗೋಂದಿನ ಗಡ್ಡೆ. ಮೇಲೆ ಹಲಗೆಯಲ್ಲಿ ತೂತೇ ಇರಲಿಲ್ಲ.

ಆ ಕ್ಷಣಕ್ಕೇ ಅವಳು ಕೂಗಿ ಎಲ್ಲರಿಗೂ ಹೇಳಬೇಕಿತ್ತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಗೋಡೌನಿನ ಕಡೆಯಿಂದ ಸುಕನ್ಯಳ ನಗು ಕೇಳಿಸಿತು. ಸುಮ್ಮನೆ ಅದನ್ನು ಚೀಲಕ್ಕೆ ಹಾಕಿಕೊಂಡು, ಯಾರಿಗೂ ಅನುಮಾನ ಬಾರದ ಹಾಗೆ ಜೋಲಿಯನ್ನು ಪಕ್ಕದ ಜೆಟ್ಟಿನ ಕೆಳಗೆ ಸರಿಸಿದಳು. ಮೂರು ದಿನ ಹದಿನಾಲ್ಕು ಹೆಂಗಸರ ಜೊತೆ, ತನ್ನ ಮೊಮ್ಮಗಳ ಜೊತೆ, ಬೀಗ ಹಾಕಿದ ಬಾಗಿಲೊಳಗೆ, ಏನೂ ಇಲ್ಲದ ಆ ಹಲಗೆಯ ಕೆಳಗೆ ಕೂತಳು. ಬೆಂಕಿಯ ಭಯಕ್ಕಿಂತ ಸುಕನ್ಯ ನಕ್ಕಾಳೆಂಬ ಭಯ ದೊಡ್ಡದಾಗಿತ್ತು. ಮನೆಯಲ್ಲಿ ಅಕ್ಕನಿಗೆ ಉಣಿಸುವಾಗ ಅವಳ ಕೈಗಳ ಕಡೆ ನೋಡಲಾರದೆ ತಟ್ಟೆಯನ್ನೇ ನೋಡುತ್ತಿದ್ದಳು.

ಹನ್ನೊಂದಕ್ಕೆ ಜೀಪು ಬಂತು. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಬೇಲು ಹೊಲಿಯುವವರೂ ಶೆಡ್ಡಿಗೆ ಬಂದು ಸಾಲಾಗಿ ನಿಲ್ಲಬೇಕೆಂದು ಹುಕುಂ ಆಯಿತು. ತನಿಖೆಯ ಅಧಿಕಾರಿ ಗೋಡೌನ್ ನೋಡಿ, ಟ್ಯಾಂಕ್ ನೋಡಿ, ಫೈಲು ಹಿಡಿದು ಒಳಗೆ ಬಂದರು.

“ಇಲ್ಲಿ ಬೀಗ ಹಾಕ್ತೀರೇನ್ರೀ?”

“ಛೆ ಛೆ, ಮನೆ ಎಣ್ಮಕ್ಳಿದ್ದಂಗೆ ಸಾರ್ ಇವ್ರು.” ನಂಜುಂಡಸ್ವಾಮಿಯ ಪ್ಯಾಂಟಿನ ಜೇಬು ಬೀಗದ ಭಾರಕ್ಕೆ ಒಂದು ಕಡೆ ಜಗ್ಗಿತ್ತು. “ನೋಡಿ, ಜೆಟ್ಟಿನ್ ಕೆಳಗೇ ಮಗೀನ್ ಮಲಗ್ಸವ್ರೆ. ಅಷ್ಟು ನಂಬ್ಕೆ.” ಕೋಲಿನಿಂದ ತಿವಿದಿದ್ದ ಅದೇ ಜೋಲಿಯ ಕಡೆ ಬೆರಳು ತೋರಿಸಿ ನಕ್ಕ. ಅಧಿಕಾರಿ ಫೋನೆತ್ತಿ ಫೋಟೋ ತೆಗೆದುಕೊಂಡರು.

ಪಕ್ಕಕ್ಕೆ ಬಂದು ನಿಂತಿದ್ದ ಸುಕನ್ಯ ಮಾಯಮ್ಮನ ಮೊಳಕೈ ಮುಟ್ಟಿದಳು. ಕಣ್ಣು ಜೋಲಿಯ ಮೇಲಿತ್ತು. ಆ ಕಣ್ಣಿನಲ್ಲಿದ್ದದ್ದನ್ನು ಮಾಯಮ್ಮ ಚೆನ್ನಾಗಿ ಬಲ್ಲಳು. ಎಷ್ಟೋ ದಿನ ಅದನ್ನೇ ನುಂಗಿ ಮಲಗಿದವಳು.

“ನಿನ್ ಮೊಮ್ಮಗ್ಳು ಪುಣ್ಯ ಮಾಡವ್ಳೆ ಕಣಕ್ಕ,” ಎಂದಳು ಮೆಲ್ಲಗೆ. “ನಾನ್ ಜೆಟ್ಟಿನ್ ಕೆಳ್ಗೆ ಕುಂತಿದ್ರೂ ನನ್ ಮಗ ಅಲ್ಲಿ ಬ್ಯಾರನ್ ಗ್ವಾಡೆ ಬುಡದಲ್ ಮಲಗ್ತಾನೆ. ಅವತ್ತು ನಿನ್ ಮ್ಯಾಲೆ ಚಾಡಿ ಏಳ್ದೆ, ತಪ್ಪಾಯ್ತು ಬುಡು. ನಾಳಿಂದ ಅವನ್ ಜೋಲೀನೂ ಇಲ್ಲೇ ಕಟ್ಲಾ?”

ಮಾಯಮ್ಮನ ಕೈ ಸೊಂಟದ ಚೀಲದ ಮೇಲೆ ಹೋಯಿತು.

“ಫೈಲಲ್ಲಿ ಆರು ಅಂತಿದೆಯಲ್ರೀ,” ಅಧಿಕಾರಿ ಮೇಲೆ ನೋಡುತ್ತ ಅಂದರು. “ಐದೇ ಇವೆ.”

“ಇವೇ ಕದ್ದವೆ ಸಾರ್. ಏನ್ ಅನುಕೂಲ ಮಾಡ್ಕೊಟ್ರೂ ಅಷ್ಟೆ. ಇವ್ರ ಬುದ್ಧೀನೇ ಅಂಥದ್ದು. ಪೈಪಿಂದ ತಿರುಪಿ ತಿರುಪಿ ಬಿಚ್ಕೊಂಡವ್ರೆ.”

ಅಧಿಕಾರಿ ಹೆಂಗಸರ ಸಾಲಿನ ಕಡೆ ತಿರುಗಿದರು.

ಮಾಯಮ್ಮ ಮಡಿಲಿನ ಎಲೆಚೂರು ಕೊಡವಿಕೊಂಡಳು. ಮೊದಲು ಹೋಗಿ ಮಗುವನ್ನು ಜೋಲಿಯಿಂದ ಎತ್ತಿ ಸುಕನ್ಯಳ ತೋಳಿಗೆ ಕೊಟ್ಟಳು.

“ನಿನ್ ಮಗೀನ್ ಇಲ್ಲಿ ಕಟ್ಬ್ಯಾಡ ಕಣವ್ವ,” ಎಂದಳು. ಸುಕನ್ಯ ನಗಲಿಲ್ಲ.

ಆಮೇಲೆ ಎಲೆಅಡಿಕೆ ಚೀಲದ ದಾರ ಬಿಚ್ಚುತ್ತ ನಂಜುಂಡಸ್ವಾಮಿಯ ಮುಂದೆ ಹೋಗಿ ನಿಂತಳು. ಅವನು ಎಂದಿನಂತೆ ಕಣ್ಣಿನಲ್ಲೇ ನೆಲ ತೋರಿಸಿದ. ಅವಳು ಬಗ್ಗಲಿಲ್ಲ. ಎಡಗೈಯಲ್ಲಿ ಅವನ ಮಣಿಕಟ್ಟು ಹಿಡಿದು, ಅಂಗೈ ಬಿಡಿಸಿ, ಸುಣ್ಣ ಮೆತ್ತಿದ ಜೆಟ್ಟನ್ನು ಗೋಂದಿನ ಗಡ್ಡೆ ಮೇಲೆ ಕಾಣುವ ಹಾಗೆ ಅದರಲ್ಲಿ ಇಟ್ಟಳು.

“ತಗಳಿ ಬುದ್ದಿ,” ಎಂದಳು. “ಕೈಗೇ ಬರ್ಬೇಕು ಅಂದಿದ್ರಿ.”