ಪರವಾನಗಿಯಿಲ್ಲದ ಉಸಿರು

ಎಲ್ಲಿಂದ ಶುರು ಮಾಡಲಿ? ಅಂಕಿಅಂಶದಿಂದ ಶುರು ಮಾಡಿದರೆ ನೀವು ಪುಟ ಮಗುಚಿಬಿಡುತ್ತೀರಿ. ಪೂರ್ವ ಜರ್ಮನಿಯ ಈ ಊರಲ್ಲಿ ಹೆರಿಗೆ ವಾರ್ಡು ಮುಚ್ಚಿ ಅದೇ ಕಟ್ಟಡದಲ್ಲಿ ವೃದ್ಧಾಶ್ರಮ ತೆರೆದರು ಎಂದರೆ ಸಾಕಲ್ಲವೇ? (ಇದು ನಾನು ಹೆಣೆದ ರೂಪಕವಲ್ಲ. ನನಗೆ ಅಷ್ಟು ತಲೆಯಿಲ್ಲ, ಊರಿಗೇ ಇದೆ.)

೧. ರೋಸ್ವಿಟಾ ಕ್ರೆಚ್ಮರ್‌ಗೆ ಅರವತ್ತೆಂಟು. ಆ ವೃದ್ಧಾಶ್ರಮದಲ್ಲಿ ನರ್ಸ್ ಆಗಿ ನಿವೃತ್ತಳಾಗಿ ಮೂರು ವರ್ಷದ ಮೇಲೆ, ಜನ ಸಿಗದೆ ಅವಳನ್ನೇ ವಾಪಸು ಕರೆದಿದ್ದರು. ಆ ಮಧ್ಯಾಹ್ನ ಕೆಳಗಿನ ಸಭಾಂಗಣದಲ್ಲಿ ‘ನುರಿತ ಕೆಲಸಗಾರರ ಅಭಾವ’ದ ಬಗ್ಗೆ ಸಭೆ. ಅವಳಿಗೊಂದು ಹೂಗುಚ್ಛ, ಎಲ್ಲರಿಗೂ ಕೇಕ್. "ಜನಾನೇ ಇಲ್ಲ!" ಎಂದು ಆಶ್ರಮದ ನಿರ್ದೇಶಕ ಶೀಬೆ ಗೋಳಾಡಿದ. (ಕೇಳಲು ಇಪ್ಪತ್ತೆರಡು ಜನ ಕೂತಿದ್ದರು.)

೨. ಅದೇ ಹೊತ್ತಿಗೆ ಮೇಲಿನ ಮಹಡಿಯಲ್ಲಿ ತೊಂಬತ್ತೊಂದರ ಓಟ್‌ಫ್ರೀಡ್‌ಗೆ ಆಲೂಗಡ್ಡೆ ಉಂಡೆ ಗಂಟಲಲ್ಲಿ ಸಿಕ್ಕಿಕೊಂಡಿತು. ಹತ್ತಿರವಿದ್ದವಳು ಡ್ರಿಟಾ ಒಬ್ಬಳೇ. ಅಲ್ಬೇನಿಯಾದಲ್ಲಿ ಹದಿನಾಲ್ಕು ವರ್ಷ ತುರ್ತು ನಿಗಾ ಘಟಕ ನೋಡಿಕೊಂಡವಳು. ಇಲ್ಲಿ ಅವಳ ಸರ್ಟಿಫಿಕೇಟು ಹತ್ತೊಂಬತ್ತು ತಿಂಗಳಿಂದ ಸರ್ಕಾರಿ ಕಚೇರಿಯಲ್ಲಿ ಪರಿಶೀಲನೆಯಲ್ಲಿತ್ತು. ಅದಕ್ಕೆ ಮಾನ್ಯತೆ ಸಿಗುವವರೆಗೆ ಬರೀ ಸಹಾಯಕಿ: ತೊಳೆಯಬಹುದು, ಉಣಿಸಬಹುದು, ಯಂತ್ರ ಮುಟ್ಟುವಂತಿಲ್ಲ. ಬೆನ್ನಿಗೆ ಗುದ್ದಿದಳು, ಹೊಟ್ಟೆ ಒತ್ತಿದಳು, ಕರೆಗಂಟೆ ಬಾರಿಸಿದಳು. ಯಾರೂ ಬರಲಿಲ್ಲ. ಗಂಟಲಿಂದ ಹೀರಿ ತೆಗೆಯುವ ಯಂತ್ರ ಚಾಲೂ ಮಾಡಿದಳು. ಮುದುಕ ಉಸಿರಾಡಿದ, ಉಂಡೆ ಗಟ್ಟಿಯಿತ್ತೆಂದು ಬೈದ.

(ಮೊದಲ ಕರಡಿನಲ್ಲಿ ಅವನನ್ನು ಸಾಯಿಸಿದ್ದೆ, ನಿಮ್ಮ ಕಣ್ಣೀರಿಗಾಗಿ. ಡ್ರಿಟಾ ನನ್ನ ಮೇಲೆ ರೇಗಿದಳು: "ನಿಮ್ಮ ಕಥೆ ಚೆಂದ ಕಾಣ್ಲಿ ಅಂತ ನಾನು ಕೈ ಕಟ್ಕೊಂಡು ನಿಲ್ಬೇಕಾ?")

೩. ಮರುದಿನ ಶೀಬೆ ಎಚ್ಚರಿಕೆ ಪತ್ರ ಹಿಡಿದು ಬಂದ: ಅನುಮತಿಯಿಲ್ಲದೆ ಯಂತ್ರ ಬಳಕೆ. ಅದು ಕಡತ ಸೇರಿದರೆ ಡ್ರಿಟಾಳ ಮಾನ್ಯತೆಯ ಅರ್ಜಿ ಮುಗಿದಂತೆ. ಆ ಮಹಡಿಯ ನರ್ಸ್ ಆಗಿ ರೋಸ್ವಿಟಾಳ ಸಹಿ ಬೇಕಿತ್ತು.

ಅವಳು ಸಹಿಯ ಮೇಲೊಂದು ಸಾಲು ಬರೆದಳು: ‘ಮೇಲಿರಬೇಕಾದವಳು ನಾನು. ನಿರ್ದೇಶಕರ ಕರೆಯ ಮೇರೆಗೆ ಕೆಳಗೆ ಕೇಕ್ ತಿನ್ನುತ್ತಿದ್ದೆ.’

"ಫ್ರೌ ಕ್ರೆಚ್ಮರ್, ಇದನ್ನ ಹೆಂಗ್ರೀ ಕಳಿಸ್ಲಿ?"

"ಕಳಿಸ್ಬೇಡಿ, ಹರಿದ್ಹಾಕಿ. ಇಲ್ಲಾಂದ್ರೆ ನಾಳೆಯಿಂದ ನಾನು ಮನೇಲಿ ಟೊಮೇಟೊ ಬೆಳೀತೀನಿ. ಮುಂದಿನ ಹೂಗುಚ್ಛ ಯಾರಿಗ್ ಕೊಡ್ತೀರಿ?"

ಶೀಬೆ ಹರಿದುಹಾಕಿದ. ರೋಸ್ವಿಟಾ ಗೆದ್ದಳು, ಆದರೆ ಗೆದ್ದಂತೆನಿಸಲಿಲ್ಲ. ಡ್ರಿಟಾಳ ಹತ್ತಿರ ಹೋಗಿ ಹೇಳಿಯೇಬಿಟ್ಟಳು: "ಗಂಟೆ ನಂಗೆ ಕೇಳಿಸಿತ್ತು ಕಣೇ. ಯಾರಾದ್ರೂ ಹೋಗ್ತಾರೆ ಬಿಡು ಅಂದ್ಕೊಂಡೆ."

"ಆ ಯಾರಾದ್ರೂ ನಾನೇ," ಎಂದಳು ಡ್ರಿಟಾ. "ಮುಂದಿನ ತಿಂಗ್ಳು ಸ್ವಿಟ್ಜರ್ಲೆಂಡಿಗೆ ಹೊರಟೆ. ನನ್ನ ಸರ್ಟಿಫಿಕೇಟು ಅವ್ರು ಏಳು ವಾರದಲ್ಲಿ ಓದಿ ಮುಗಿಸಿದ್ರು."

೪. ಕೊನೆ.

ಅ) ಡ್ರಿಟಾ ಉಳಿಯುತ್ತಾಳೆ, ಇಬ್ಬರೂ ತಬ್ಬಿಕೊಳ್ಳುತ್ತಾರೆ. (ಸರ್ಕಾರಿ ಕರಪತ್ರಕ್ಕೆ ಚೆನ್ನ.)

ಆ) ಹೋಗುತ್ತಾಳೆ, ಶೀಬೆ ಇನ್ನೊಂದು ಸಭೆ ಕರೆಯುತ್ತಾನೆ.

ಯಾವುದಿಡಲಿ ಎಂದು ರೋಸ್ವಿಟಾಳನ್ನೇ ಕೇಳಿದೆ.

"ಕೊನೆ ಆಮೇಲೆ ನೋಡ್ಕೊಳ್ಳಿ. ಏಳನೇ ಕೋಣೆಯವ್ರನ್ನ ಮಗ್ಗುಲು ತಿರುಗಿಸ್ಬೇಕು, ನನ್ನೊಬ್ಬಳ ಕೈಲಾಗಲ್ಲ. ಪೆನ್ನು ಕೆಳಗಿಡಿ, ಬನ್ನಿ, ಆ ಕಡೆ ಹಿಡ್ಕೊಳ್ಳಿ..."