ಮಣೆಯಗಲದ ಮಣ್ಣು

ಗಂಗಾಂಬಿಕೆ ಬರಿಗೈಯಲ್ಲಿ ನಡೆಯುವಾಗಲೂ ಬಲಭುಜ ಒಂದಿಷ್ಟು ಕೆಳಕ್ಕೆ ಜಗ್ಗಿರುತ್ತಿತ್ತು. ಬಚ್ಚಲ ನೀರು, ಅಕ್ಕಿ ತೊಳೆದ ನೀರು ಎಲ್ಲವನ್ನೂ ಬಕೆಟ್ಟಿನಲ್ಲಿ ಗಿಡಗಳಿಗೆ ಹೊತ್ತು ಹೊತ್ತು ಮೈ ಹಾಗೇ ನಿಂತುಬಿಟ್ಟಿತ್ತು. ನೀರು ಸುಮ್ಮನೆ ಮೋರಿಗೆ ಹರಿದರೆ ಆಕೆಗೆ ಹೊಟ್ಟೆ ಉರಿಯುತ್ತಿತ್ತು. ತಾಲ್ಲೂಕು ಕಚೇರಿಯ ಗುಮಾಸ್ತ ಮಹಾಲಿಂಗಯ್ಯನ ಕೈಹಿಡಿದ ಮೇಲೆ ಕಂಡದ್ದೆಲ್ಲ ಬಾಡಿಗೆಯ ಹಿತ್ತಿಲುಗಳೇ. ಗುಬ್ಬಿಯಲ್ಲಿ ನೆಟ್ಟ ನುಗ್ಗೆ ಮೊದಲ ಹೂ ಬಿಟ್ಟ ಚೈತ್ರದಲ್ಲಿ ಕುಣಿಗಲ್ಲಿಗೆ ವರ್ಗ. ಕುಣಿಗಲ್ಲಿನ ಮಲ್ಲಿಗೆ ಮೊಗ್ಗು ಕಚ್ಚಿದಾಗ ತುಮಕೂರಿಗೆ. "ಲಾರಿಗೆ ಹಂಡೆ ಹತ್ತುತ್ತೆ, ಗಿಡ ಹತ್ತಲ್ವಲ್ಲ," ಅನ್ನುತ್ತಿದ್ದಳು. ಇದ್ದಷ್ಟು ದಿನವೂ ಹೂವೆಲ್ಲ ಗಂಡನ ಲಿಂಗಪೂಜೆಗೆ, ಸೊಪ್ಪೆಲ್ಲ ಒಲೆಗೆ. ಮುಡಿಗೆ ಉಳಿಯುತ್ತಿದ್ದುದು ಅಪರೂಪ.

ಎಂಬತ್ತಮೂರನೇ ಇಸವಿಯಲ್ಲಿ ತುಮಕೂರಿನಲ್ಲೇ ಸ್ವಂತ ಮನೆಯಾಯಿತು. ಚಳಿಗಾಲವಿಡೀ ಹಿತ್ತಿಲು ಅಗೆದು, ಗೊಬ್ಬರ ಬೆರೆಸಿ, ಮಣ್ಣು ಹದಮಾಡಿದಳು. ಯುಗಾದಿಗೆ ಮುಂಚೆ ತಮ್ಮನ ಮದುವೆಗೆಂದು ಕಡಬಕ್ಕೆ ಹೋದವಳು ಮಲ್ಲಿಗೆ ಕಡ್ಡಿ, ಕರಿಬೇವಿನ ಸಸಿ, ನುಗ್ಗೆ ಕೊಂಬೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದು ಹಿತ್ತಿಲ ಬಾಗಿಲು ತೆರೆದರೆ, ಗೋಡೆಯಿಂದ ಗೋಡೆಗೆ ಸಿಮೆಂಟು.

"ಹೆಂಗಿದೆ? ಇನ್ಮೇಲೆ ಕೆಸರು ತುಳಿಯೋದು, ಎಲೆ ಗುಡಿಸೋದು ಯಾವ್ದೂ ಇಲ್ಲ ನಿಂಗೆ," ಎಂದ ಮಹಾಲಿಂಗಯ್ಯ. ಪ್ರೀತಿಯಿಂದಲೇ ಮಾಡಿಸಿದ್ದ. ಹೆಂಡತಿಯ ಬೆಳಗಿನಿಂದ ರಾತ್ರಿಯವರೆಗಿನ ದುಡಿಮೆಯಲ್ಲಿ ಒಂದನ್ನಾದರೂ ತಗ್ಗಿಸಲು ಹೊರಟವನು, ಆಕೆ ತನಗಾಗಿ ಮಾಡಿಕೊಳ್ಳುತ್ತಿದ್ದ ಒಂದೇ ಒಂದನ್ನು ಹುಡುಕಿ ತೆಗೆದುಬಿಟ್ಟಿದ್ದ.

ಮರುದಿನ ಭಾನುವಾರ. ಪೂಜೆಗೆ ಕೂತವನು "ಹೂವೆಲ್ಲೇ?" ಎಂದು ಕೂಗಿದ.

"ಸಿಮೆಂಟು ಇನ್ನೂ ಹೂ ಬಿಟ್ಟಿಲ್ಲ ರೀ," ಎಂದಳು ಅಡುಗೆಮನೆಯಿಂದಲೇ.

ಮಧ್ಯಾಹ್ನ ಹಾರೆಯ ಸದ್ದಿಗೆ ಪಕ್ಕದ ಮನೆಯ ನರಸಮ್ಮ ಗೋಡೆ ಮೇಲಿಂದ ಇಣುಕಿದಳು. "ಏನಮ್ಮಾ, ನಿಧಿ ಗಿಧಿ ಸಿಕ್ತಾ?"

ಮಹಾಲಿಂಗಯ್ಯ ಓಡಿ ಬಂದ. "ಹೊಸಾ ಸಿಮೆಂಟ್ ಕಣೇ!"

"ಹಳೇದಾದ್ಮೇಲೆ ಒಡೆಯೋದು ಇನ್ನೂ ಕಷ್ಟ. ಒಂದ್ಮಾತು ನನ್ನ ಕೇಳ್ಬೇಕಿತ್ತು ನೀವು."

ಅಷ್ಟೆಲ್ಲ ಬಡಿದರೂ ಬಿಟ್ಟುಕೊಂಡದ್ದು ಕೂರುವ ಮಣೆಯಗಲದ ಮಣ್ಣು. ಅದರಲ್ಲಿ ಹಿಡಿಸುವುದು ಒಂದೇ ಗಿಡ. ಕರಿಬೇವು ಒಗ್ಗರಣೆಗೆ, ನುಗ್ಗೆ ಸಾರಿಗೆ, ಮಲ್ಲಿಗೆ ಪೂಜೆಗೆ, ಹೀಗೆ ಮೂರಕ್ಕೂ ಮನೆಯಲ್ಲಿ ಆಗಲೇ ಹಕ್ಕುದಾರರಿದ್ದರು. ಮೂರನ್ನೂ ತೊಡೆಯ ಮೇಲಿಟ್ಟುಕೊಂಡು ಬಿಸಿಲು ಇಳಿಯುವವರೆಗೆ ಕೂತಿದ್ದಳು. ಕೊನೆಗೆ ಕರಿಬೇವನ್ನೂ ನುಗ್ಗೆಯನ್ನೂ ಗೋಡೆಯಾಚೆ ನರಸಮ್ಮನ ಕೈಗಿತ್ತು, ಮಲ್ಲಿಗೆ ಕಡ್ಡಿ ಊರಿದಳು.

"ಮೊದಲ್ನೇ ಹೂವು ನಂಗೆ," ಎಂದಳು ಗಂಡನಿಗೆ. "ದೇವ್ರಿಗೆ ಆಮೇಲೆ."

ಹೆಚ್ಚೇನೂ ಕೇಳದ ಇಂಥ ಹೆಂಗಸರನ್ನು ಆಸೆ ಕಮ್ಮಿಯವರೆಂದು ಜನ ಹೊಗಳುತ್ತಾರೆ. ಅವರ ಆಸೆ ಇಡೀ ಹಿತ್ತಿಲಿನಷ್ಟಿರುತ್ತದೆ. ಸಿಕ್ಕ ಜಾಗದಲ್ಲಿ ಹಿಡಿಸುವಷ್ಟನ್ನು ಮಾತ್ರ ನೆಟ್ಟು, ಉಳಿದದ್ದು ಇನ್ನೊಬ್ಬರ ಅಂಗಳದಲ್ಲಿ ಚಿಗುರುವುದನ್ನು ಅವರು ಪ್ರತಿ ಚೈತ್ರದಲ್ಲೂ ಗೋಡೆಯೀಚೆಯಿಂದ ನೋಡುತ್ತಿರುತ್ತಾರೆ.